ಒಂದೇ ರೈಫಲ್‌ಗೆ ಎರಡು ಕಣ್ಣು: ಕ್ಯೂಡಿ ಮೌಂಟ್‌ನಲ್ಲಿ ಸ್ಕೋಪ್ ಬದಲಿಸುವ ಕ್ರಮ

ಬೆಳಿಗ್ಗೆ 300 ಮೀಟರ್ ದೂರದಲ್ಲಿ ಒಂದು ಕಾಗದದ ಗುರಿ. ಮಧ್ಯಾಹ್ನ 25 ಮೀಟರ್‌ನಲ್ಲಿ ಸಾಲಾಗಿ ನಿಂತ ಆರು ಗುರಿ, ಜೊತೆಗೆ ಟೈಮರ್‌ನ ಕಾಟ. ಮೊದಲನೆಯದಕ್ಕೆ ದೊಡ್ಡದಾಗಿ ತೋರಿಸುವ ಸ್ಕೋಪ್ ಬೇಕೇ ಬೇಕು. ಎರಡನೆಯದಕ್ಕೂ ಅದನ್ನೇ ಇಟ್ಟುಕೊಂಡರೆ ದುರ್ಬೀನು ಹಿಡಿದು ಬೀಗದ ಕೈ ಹುಡುಕಿದ ಹಾಗಾಗುತ್ತದೆ. ಅಲ್ಲಿ ರೆಡ್ ಡಾಟ್ ಚೆನ್ನ, ಅಂದರೆ ಗುರಿಯನ್ನು ದೊಡ್ಡದು ಮಾಡದೆ ಗಾಜಿನಲ್ಲಿ ಬರೀ ಕೆಂಪು ಚುಕ್ಕಿ ತೋರಿಸುವ ಸಾಧನ. ರೈಫಲ್ ಮಾತ್ರ ಇರುವುದು ಒಂದೇ.

ಇಂಥ ಕಡೆ ಕೆಲಸಕ್ಕೆ ಬರುವುದು ಕ್ವಿಕ್ ಡಿಟ್ಯಾಚ್ ಮೌಂಟ್: ರೈಫಲ್ ಮೇಲಿನ ರೈಲ್‌ಗೆ (ಅಡ್ಡ ಸ್ಲಾಟ್‌ಗಳಿರುವ ಪಟ್ಟಿ) ಸ್ಕೋಪನ್ನು ಹಿಡಿದಿಡುವ, ಬೇಗ ಬಿಚ್ಚಬಲ್ಲ ಹಿಡಿಕೆ. ಸಾಮಾನ್ಯವಾಗಿ ಕ್ಯೂಡಿ ಮೌಂಟ್ ಅಂತಾರೆ. ಸ್ಕ್ರೂಡ್ರೈವರ್ ಬೇಡ, ಅಲೆನ್ ಕೀ ಬೇಡ. ಲಿವರ್ ಎಳೆದರೆ ಸ್ಕೋಪ್ ಕೈಗೆ ಬರುತ್ತದೆ, ಇನ್ನೊಂದನ್ನು ಕೂರಿಸಿ ಲಿವರ್ ಒತ್ತಿದರೆ ಮುಗಿಯಿತು. 'ತೆಗೆದು ಹಾಕಿದರೂ ಝೀರೋ ಕದಲುವುದಿಲ್ಲ' ಅಂತ ತಯಾರಕರು ಹೇಳಿಕೊಳ್ಳುತ್ತಾರೆ (ಝೀರೋ ಅಂದರೆ ಗುರಿಯಿಟ್ಟ ಜಾಗಕ್ಕೇ ಗುಂಡು ಬೀಳುವ ಹಾಗೆ ಸ್ಕೋಪ್ ಹೊಂದಿಸಿರುವುದು). ಸುಳ್ಳಲ್ಲ, ಆದರೆ ಅರ್ಧ ಮಾತು. ಒಳ್ಳೆಯ ಮೌಂಟ್ ಅದೇ ಜಾಗಕ್ಕೆ ವಾಪಸ್ ಬರಬಲ್ಲದು. ಪ್ರತಿ ಸಲ ಅದೇ ಜಾಗದಲ್ಲಿ, ಅದೇ ರೀತಿ ಕೂರಿಸಬೇಕಾದವರು ನೀವು. ಇಲ್ಲಿ ಹೇಳುತ್ತಿರುವುದು ಆ ಇನ್ನರ್ಧದ ಬಗ್ಗೆ.

ಹಾಳೆಯ ದಪ್ಪದ ಲೆಕ್ಕ

ಬರೆಯುವ ಬಿಳಿ ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್. ಮೌಂಟ್‌ನ ಉದ್ದ 10 ಸೆಂಟಿಮೀಟರ್ ಅಂದುಕೊಳ್ಳಿ. ಅದರ ಮುಂದಿನ ತುದಿ ಒಂದೇ ಒಂದು ಹಾಳೆಯಷ್ಟು ಮೇಲೆದ್ದು ಕೂತರೆ, 100 ಮೀಟರ್ ದೂರದಲ್ಲಿ ಗುಂಡು 10 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಸ್ಕೋಪ್‌ನ ಮೂತಿ ಮೇಲಾದರೆ ಗುಂಡು ಕೆಳಗೆ ಯಾಕೆ? ಸ್ಕೋಪ್ ಮೇಲೆ ನೋಡುತ್ತಿದೆ, ಅದನ್ನು ಗುರಿಗೆ ತರಲು ನೀವು ಇಡೀ ರೈಫಲ್ಲನ್ನೇ ಬಗ್ಗಿಸುತ್ತೀರಿ. ನಳಿಗೆಯೂ ಜೊತೆಗೇ ಬಗ್ಗುತ್ತದೆ, ಅಲ್ವಾ.

ಗುಂಡು ಬೀಳುವ ಜಾಗ ಸರಿಪಡಿಸಲು ತಿರುಗಿಸುವ ಸ್ಕೋಪ್‌ನ ಗುಬ್ಬಿಗೆ ಟರೆಟ್ ಅಂತಾರೆ. ಬಹಳಷ್ಟು ಸ್ಕೋಪ್‌ಗಳಲ್ಲಿ ಅದರ ಒಂದು ಕ್ಲಿಕ್ ಅಂದರೆ 100 ಮೀಟರ್‌ಗೆ 1 ಸೆಂಟಿಮೀಟರ್ (0.1 ಮಿಲ್), ಇಲ್ಲವೇ ಸುಮಾರು 7 ಮಿಲಿಮೀಟರ್ (ಕಾಲು ಎಂಒಎ; ಮಿಲ್, ಎಂಒಎ ಎರಡೂ ಕೋನದ ಅಳತೆ). ಅಂದರೆ ಹಾಳೆಯ ಹತ್ತನೇ ಒಂದು ಭಾಗದಷ್ಟು ಕಸ ಮಧ್ಯೆ ಸಿಕ್ಕರೂ ಒಂದು ಕ್ಲಿಕ್ ಹೋಯಿತು.

ಇದನ್ನು ನಾನು ಕಲಿತಿದ್ದು ಕೈ ಸುಟ್ಟುಕೊಂಡ ಮೇಲೆ. ಒಂದು ಸಲ ಸ್ಕೋಪ್ ಹಾಕಿ ಹೊಡೆದರೆ ಗುಂಡುಗಳೆಲ್ಲ ಏಳೆಂಟು ಸೆಂಟಿಮೀಟರ್ ಎಡಕ್ಕೆ ಹೋಗಿ ಕೂತವು. ಮೌಂಟನ್ನು ಬೈದುಕೊಂಡು, ಟರೆಟ್ ತಿರುಗಿಸಿ, ಇಪ್ಪತ್ತು ಗುಂಡು ಖರ್ಚು ಮಾಡಿ ಸರಿ ಮಾಡಿದೆ. ಸಂಜೆ ಮೌಂಟ್ ತೆಗೆದಾಗ ರೈಲ್‌ನ ಓರೆ ಅಂಚಿನ ಮೇಲೆ ಏನೋ ಮಿನುಗಿತು. ಗುಂಡಿನ ಕೋಶದಿಂದ ಎದ್ದ ಹಿತ್ತಾಳೆಯ ಚೂರು, ಲಿವರ್‌ನ ಬಿಗಿಗೆ ಜರಿಯಂತೆ ಚಪ್ಪಟೆಯಾಗಿತ್ತು. ಉಗುರಲ್ಲಿ ಕೆರೆದರೆ ಎದ್ದು ಬಂತು. ಅದನ್ನು ತೆಗೆದು ಮತ್ತೆ ಹಾಕಿದ ಮೇಲೆ ಗುಂಡುಗಳು ಅಷ್ಟೇ ಬಲಕ್ಕೆ ಹೋದವು. ಮತ್ತೆ ಮೊದಲಿನಿಂದ ಝೀರೋ. ಮೌಂಟ್‌ನದೇನೂ ತಪ್ಪಿರಲಿಲ್ಲ.

ರೈಲ್ ಯಾವುದು ನೋಡಿಕೊಳ್ಳಿ

ಈಗ ಎಲ್ಲೆಡೆ ಕಾಣುವುದು ಪಿಕಟಿನ್ನಿ ರೈಲ್. ಅಮೆರಿಕದ ಸೇನೆ 1995ರಲ್ಲಿ ಇದನ್ನು ಮಿಲ್-ಎಸ್‌ಟಿಡಿ-1913 ಅನ್ನುವ ಹೆಸರಲ್ಲಿ ಗೊತ್ತುಪಡಿಸಿತು. ಸ್ಲಾಟ್‌ನ ಅಗಲ 5.23 ಮಿಲಿಮೀಟರ್, ಒಂದು ಸ್ಲಾಟ್‌ನ ನಡುವಿನಿಂದ ಮುಂದಿನದರ ನಡುವಿಗೆ 10 ಮಿಲಿಮೀಟರ್. ಹಳೆಯ ವೀವರ್ ರೈಲ್ ನೋಡಲು ಹೀಗೇ ಇರುತ್ತದೆ, ಆದರೆ ಸ್ಲಾಟ್ 4.57 ಮಿಲಿಮೀಟರ್, ಸ್ಲಾಟ್‌ಗಳ ನಡುವಿನ ಅಂತರವೂ ಎಲ್ಲ ಕಡೆ ಒಂದೇ ಅಲ್ಲ. ವೀವರ್ ಮೌಂಟ್ ಪಿಕಟಿನ್ನಿ ಮೇಲೆ ಸಾಮಾನ್ಯವಾಗಿ ಕೂರುತ್ತದೆ, ಹಿಂದೆ ಮುಂದೆ ಸ್ವಲ್ಪ ಸಡಿಲ ಇರುತ್ತದೆ ಅಷ್ಟೆ. ಪಿಕಟಿನ್ನಿ ಮೌಂಟ್‌ನ ಅಡ್ಡ ಬೋಲ್ಟ್ ವೀವರ್ ಸ್ಲಾಟ್‌ಗೆ ಇಳಿಯುವುದೇ ಇಲ್ಲ. ಪದೇ ಪದೇ ತೆಗೆದು ಹಾಕುವ ಆಲೋಚನೆ ಇದ್ದರೆ ರೈಲೂ ಪಿಕಟಿನ್ನಿ, ಮೌಂಟೂ ಪಿಕಟಿನ್ನಿ ಇರಲಿ. ಮಿಶ್ರ ಬೇಡ.

ರೈಲನ್ನು ಬೇರೆಯಾಗಿ ರೈಫಲ್‌ಗೆ ಸ್ಕ್ರೂ ಹಾಕಿ ಕೂರಿಸಿದ್ದರೆ ಮೊದಲು ಆ ಸ್ಕ್ರೂಗಳನ್ನು ನೋಡಿ. ಝೀರೋ ನಿಲ್ಲುತ್ತಿಲ್ಲ ಅಂತ ಮೌಂಟ್ ಬದಲಿಸಿ, ಸ್ಕೋಪ್ ಬದಲಿಸಿ, ಕೊನೆಗೆ ನೋಡಿದರೆ ರೈಲೇ ಅಲುಗಾಡುತ್ತಿರುತ್ತದೆ. ಬಹಳ ಜನರಿಗೆ ಆಗುವ ಕತೆ ಇದು.

ಇನ್ನೊಂದು ಮಾತು. ಮೌಂಟ್‌ನ ಒಂದು ಕಾಲು ರಿಸೀವರ್ (ಬೋಲ್ಟ್ ಕೂರುವ ರೈಫಲ್‌ನ ನಡುಭಾಗ) ಮೇಲೆ, ಇನ್ನೊಂದು ಕಾಲು ಮುಂದಿನ ಹ್ಯಾಂಡ್‌ಗಾರ್ಡ್ (ನಳಿಗೆಯ ಸುತ್ತ ಕೈ ಹಿಡಿಯುವ ಭಾಗ) ಮೇಲೆ ಇಡಬೇಡಿ. ಎರಡೂ ಬೇರೆ ಬೇರೆ ತುಂಡು. ಬಿಸಿಗೆ, ಒತ್ತಡಕ್ಕೆ ಬೇರೆ ಬೇರೆಯಾಗಿ ಕದಲುತ್ತವೆ.

ಸ್ಕೋಪೂ ಮೌಂಟೂ ಒಂದೇ ಸಾಮಾನು

ಎರಡು ಸ್ಕೋಪ್‌ಗೆ ಒಂದೇ ಮೌಂಟ್ ಸಾಕಲ್ವಾ, ರಿಂಗ್ (ಸ್ಕೋಪ್ ಕೊಳವೆಯನ್ನು ಸುತ್ತಿ ಹಿಡಿಯುವ ಮೌಂಟ್‌ನ ಬಳೆ) ಬಿಚ್ಚಿ ಬದಲಿಸಿಕೊಂಡರಾಯಿತು ಅಂತ ಕೇಳುವವರಿದ್ದಾರೆ. ಸಾಲದು. ರಿಂಗ್ ಬಿಚ್ಚಿದ ಕ್ಷಣ ಝೀರೋ ಹೋಯಿತು. ಪ್ರತಿ ಸ್ಕೋಪ್‌ಗೂ ತನ್ನದೇ ಮೌಂಟ್ ಬೇಕು, ಒಮ್ಮೆ ಕೂರಿಸಿದ ಮೇಲೆ ಅವೆರಡೂ ಬೇರೆಯಾಗಬಾರದು. ದುಡ್ಡು ಉಳಿಸುವ ಜಾಗ ಇದಲ್ಲ.

ಕೂರಿಸುವಾಗ ಅವಸರ ಬೇಡ. ಮೊದಲು ರೈಫಲ್ ಖಾಲಿ ಇದೆಯಾ ನೋಡಿ: ಮ್ಯಾಗಝೀನ್ ಹೊರಗೆ, ಬೋಲ್ಟ್ ಹಿಂದೆ, ಚೇಂಬರ್‌ಗೆ (ಗುಂಡು ಕೂರುವ ಗೂಡು) ಕಣ್ಣು ಹಾಯಿಸಿ, ಬೆರಳಿಟ್ಟೂ ನೋಡಿ. ಮುಂದೆ ಸ್ಕೋಪ್ ಬದಲಿಸುವ ಪ್ರತಿ ಸಲವೂ ಇದೇ ಮೊದಲ ಕೆಲಸ. ಸ್ಕೋಪ್ ಕೂರಿಸುವಾಗ ಕೈ ಎಲ್ಲೆಲ್ಲೋ ಹೋಗುತ್ತದೆ, ಮುಖವೂ ನಳಿಗೆಯ ಹತ್ತಿರ ಬರುತ್ತದೆ.

ಆಮೇಲೆ ಕಣ್ಣಿನ ದೂರ. ಹೆಚ್ಚಿನ ಸ್ಕೋಪ್‌ಗಳಿಗೆ ಕಣ್ಣು 8ರಿಂದ 10 ಸೆಂಟಿಮೀಟರ್ ಹಿಂದೆ ಇರಬೇಕು. ಕಣ್ಣು ಮುಚ್ಚಿಕೊಂಡು, ಎಂದಿನಂತೆ ಕೆನ್ನೆ ಇಟ್ಟು, ಆಮೇಲೆ ಕಣ್ಣು ಬಿಡಿ. ಸುತ್ತ ಕಪ್ಪು ನೆರಳಿಲ್ಲದೆ ಪೂರ್ತಿ ಚಿತ್ರ ಕಂಡರೆ ಸರಿ. ಕತ್ತು ಚಾಚಬೇಕಾದರೆ ಸ್ಕೋಪ್ ಹಿಂದೆ ತನ್ನಿ. ಇದನ್ನು ಮಲಗಿ, ಕೂತು, ನಿಂತು ಮೂರೂ ಥರ ನೋಡಿ, ಯಾಕೆಂದರೆ ಮಲಗಿದಾಗ ತಲೆ ತಾನಾಗಿ ಮುಂದೆ ಹೋಗುತ್ತದೆ. ರೆಡ್ ಡಾಟ್‌ಗೆ ಈ ತಾಪತ್ರಯ ಇಲ್ಲ, ಎಷ್ಟು ದೂರದಿಂದ ನೋಡಿದರೂ ಚುಕ್ಕಿ ಕಾಣುತ್ತದೆ.

ರಿಂಗ್‌ನ ಸ್ಕ್ರೂಗಳನ್ನು ಟಾರ್ಕ್ ವ್ರೆಂಚ್‌ನಲ್ಲೇ ಬಿಗಿ ಮಾಡಿ. ಹೆಚ್ಚಿನ ರಿಂಗ್‌ಗಳಿಗೆ 1.7ರಿಂದ 2 ನ್ಯೂಟನ್ ಮೀಟರ್ ಸಾಕು. ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಕೊನೆಯ ಮಾತು. ಒಂದು ಸ್ಕ್ರೂ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬೇಡಿ. ಮಂಚದ ಪಟ್ಟಿ ಬಿಗಿಯುವ ಹಾಗೆ ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ. ಕೊನೆಗೆ ಸ್ಕ್ರೂ ತಲೆಯಿಂದ ರಿಂಗ್‌ಗೆ, ರಿಂಗ್‌ನಿಂದ ಸ್ಕೋಪ್ ಕೊಳವೆಗೆ ಪೇಂಟ್ ಪೆನ್ನಿನಲ್ಲಿ ಒಂದು ಸಣ್ಣ ಗೆರೆ ಎಳೆದುಬಿಡಿ. ಮುಂದೆ ಎಂದಾದರೂ ಗೆರೆ ಮುರಿದಂತೆ ಕಂಡರೆ ಏನು ಕದಲಿದೆ ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ.

ಲಿವರ್ ಎಷ್ಟು ಬಿಗಿ ಇರಬೇಕು?

ಇಡೀ ವಿಷಯದಲ್ಲಿ ಜನ ಹೆಚ್ಚು ಎಡವುವುದು ಇಲ್ಲೇ. ಲಿವರ್ ಅಂದರೆ ಒಂದು ಬದಿ ಉಬ್ಬಿದ ಚಕ್ರ ಇದ್ದ ಹಾಗೆ. ತಿರುಗಿದಂತೆ ಉಬ್ಬು ಒಳಗೆ ಬಂದು ರೈಲನ್ನು ಕಚ್ಚುತ್ತದೆ. ಎಷ್ಟು ಕಚ್ಚಬೇಕು ಅನ್ನುವುದನ್ನು ಎದುರು ಬದಿಯ ನಟ್ ತೀರ್ಮಾನಿಸುತ್ತದೆ. ಡಬ್ಬಿಯಿಂದ ತೆಗೆದ ಮೌಂಟ್ ನಿಮ್ಮ ರೈಲಿಗೆ ಸರಿಯಾಗೇ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ, ಏಕೆಂದರೆ ರೈಲ್‌ಗಳ ಅಗಲದಲ್ಲಿ ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ.

ಪರೀಕ್ಷೆ ಹೀಗೆ. ಮೌಂಟ್ ಕೂರಿಸಿ ಲಿವರ್ ಮುಚ್ಚುತ್ತಾ ಬನ್ನಿ. ಅರ್ಧ ದಾರಿವರೆಗೆ ಸಲೀಸಾಗಿ ಬರಬೇಕು, ಅಲ್ಲಿಂದ ಮುಂದೆ ಎದುರೊತ್ತು ಶುರುವಾಗಬೇಕು. ಕೊನೆಯಲ್ಲಿ ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿ ಮುಚ್ಚುವಷ್ಟು ಬಿಗಿ. ಹೆಬ್ಬೆರಳ ಮೇಲೆ ಒಂದು ಕ್ಷಣ ಬಿಳಿ ಗೆರೆ ಉಳಿದರೆ ಹದ ಸರಿ. ಒಂದು ಬೆರಳಲ್ಲಿ ತಳ್ಳಿದರೆ ಮುಚ್ಚಿಕೊಂಡಿತು ಅಂದರೆ ಸಡಿಲ. ಅಂಗೈಯಿಂದ ಗುದ್ದಬೇಕಾಯಿತು ಅಂದರೆ ಜಾಸ್ತಿ. ಜಾಸ್ತಿ ಬಿಗಿ ಇದ್ದರೆ ಒಳ್ಳೆಯದೇ ಅಲ್ವಾ ಅನ್ನಬೇಡಿ, ಅಲ್ಯೂಮಿನಿಯಂ ರೈಲ್‌ನ ಅಂಚು ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಜಜ್ಜಿ ಹೋಗುತ್ತದೆ. ರೈಲ್ ಜಜ್ಜಿದರೆ ಅದೇ ಜಾಗ ಅನ್ನುವುದೇ ಇರುವುದಿಲ್ಲ.

ನಟ್ ತಿರುಗಿಸುವಾಗ ಲಿವರ್ ಬಿಚ್ಚಿರಲಿ, ಒಂದು ಸಲಕ್ಕೆ ಒಂದು ಹಲ್ಲಿನಷ್ಟು ಮಾತ್ರ ತಿರುಗಿಸಿ. ಹದ ಸಿಕ್ಕಿದ ಮೇಲೆ ಅದನ್ನು ಮತ್ತೆ ಮುಟ್ಟಬೇಡಿ. ಎರಡು ರೈಫಲ್‌ಗೆ ಒಂದೇ ಮೌಂಟ್ ಬಳಸುವವರಿಗೆ ಇದೇ ತಲೆನೋವು: ಒಂದಕ್ಕೆ ಹದವಾದದ್ದು ಇನ್ನೊಂದಕ್ಕೆ ಹದವಲ್ಲ.

ಲಿವರ್ ಇಲ್ಲದ, ದೊಡ್ಡ ನಟ್ ಕೈಯಲ್ಲಿ ತಿರುಗಿಸುವ ಮೌಂಟ್‌ಗಳೂ ಇವೆ. ಅಗ್ಗ, ಗಟ್ಟಿಮುಟ್ಟು. ಆದರೆ ಇಂದಿನ ಬಿಗಿ ನಾಳೆಯ ಬಿಗಿಗೆ ಸಮ ಇರಬೇಕಾದರೆ ಅದಕ್ಕೂ ಟಾರ್ಕ್ ವ್ರೆಂಚ್ ಬೇಕಾಗುತ್ತದೆ. ಆಗ ಕ್ವಿಕ್ ಅನ್ನುವ ಮಾತಿಗೆ ಅರ್ಥ ಉಳಿಯಲ್ಲ.

ಕೂರಿಸುವ ಕ್ರಮ

ಇದನ್ನು ಪ್ರತಿ ಸಲ ಒಂದೇ ಥರ ಮಾಡಿ, ಪೂಜೆ ಮಾಡಿದ ಹಾಗೆ.

ರೈಫಲ್ ಖಾಲಿ ಮಾಡಿ, ನೋಡಿಕೊಳ್ಳಿ. ಒಣ ಬಟ್ಟೆಯಿಂದ ರೈಲ್‌ನ ಮೇಲ್ಮೈ, ಎರಡೂ ಓರೆ ಅಂಚು, ಸ್ಲಾಟ್‌ನ ಒಳಗೆ ಒರೆಸಿ. ಸ್ಲಾಟ್‌ಗೆ ಹಳೆಯ ಹಲ್ಲುಜ್ಜುವ ಬ್ರಷ್‌ಗಿಂತ ಒಳ್ಳೆಯದು ಯಾವುದೂ ಇಲ್ಲ. ಮೌಂಟ್ ತಿರುಗಿಸಿ ರೈಲನ್ನು ಕಚ್ಚುವ ಅದರ ದವಡೆಯನ್ನೂ ಒರೆಸಿ. ಎಣ್ಣೆ ಬೇಡ. ತುಕ್ಕಿಗೆ ಅಂತ ಸವರಿದ್ದರೂ ಬೆರಳಿಗೆ ಅಂಟದಷ್ಟು ಒರೆಸಿ ತೆಗೆಯಿರಿ.

ಲಿವರ್ ಪೂರ್ತಿ ತೆರೆದು, ಮೌಂಟನ್ನು ಗುರುತಿನ ಸ್ಲಾಟ್‌ಗೆ ಇಳಿಸಿ. ಬಹಳಷ್ಟು ರೈಲ್‌ಗಳ ಮೇಲೆ ಸ್ಲಾಟ್‌ಗೆ ನಂಬರ್ ಕೆತ್ತಿರುತ್ತಾರೆ. ಇಲ್ಲದಿದ್ದರೆ ನೀವೇ ಪೇಂಟ್ ಪೆನ್ನಿನಲ್ಲಿ ಚುಕ್ಕಿ ಇಡಿ, ಸ್ಕೋಪ್‌ಗೆ ಬಿಳಿ, ರೆಡ್ ಡಾಟ್‌ಗೆ ಕೆಂಪು. ಒಂದು ಸ್ಲಾಟ್ ಆಚೀಚೆ ಆದರೆ ಏನು ಮಹಾ ಅನ್ನಿಸಬಹುದು. ರೈಲ್ ಪೂರ್ತಿ ನೇರ ಇದ್ದರೆ ಏನೂ ಆಗಲಾರದು. ಹಾಗೆ ನೇರ ಇದೆ ಅಂತ ನಂಬಿ ಕೂರುವುದಕ್ಕಿಂತ ಒಂದು ಚುಕ್ಕಿ ಇಡುವುದು ಸುಲಭ.

ಈಗ ಮುಖ್ಯ ಹೆಜ್ಜೆ: ಮೌಂಟನ್ನು ನಳಿಗೆಯ ಬಾಯಿಯ ಕಡೆಗೆ ತಳ್ಳಿ, ತಳ್ಳಿ ಹಿಡಿದುಕೊಂಡೇ ಲಿವರ್ ಮುಚ್ಚಿ. ಕಾರಣ ಸರಳ. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ. ಸ್ಕೋಪ್ ಇದ್ದಲ್ಲೇ ಇರಲು ನೋಡುತ್ತದೆ. ಬಸ್ಸು ತಟ್ಟನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುವುದಿಲ್ಲವೇ, ಹಾಗೆ. ರೈಲ್‌ನ ಮೇಲಿಂದ ನೋಡಿದರೆ ಸ್ಕೋಪೇ ಮುಂದಕ್ಕೆ ಜಾರಿದ ಲೆಕ್ಕ. ಅಡ್ಡ ಬೋಲ್ಟ್ ಮೊದಲೇ ಸ್ಲಾಟ್‌ನ ಮುಂದಿನ ಗೋಡೆಗೆ ತಾಗಿಕೊಂಡಿದ್ದರೆ ಜಾರಲು ಜಾಗವೇ ಇರುವುದಿಲ್ಲ. ಇಲ್ಲದಿದ್ದರೆ ಮೊದಲ ನಾಲ್ಕೈದು ಗುಂಡಿನಲ್ಲಿ ಅದು ತಾನೇ ಹೋಗಿ ತಾಗುತ್ತದೆ, ನಿಮ್ಮ ಗುರಿಯ ಹಾಳೆ ಅದರ ಕತೆ ಹೇಳುತ್ತದೆ.

ಸ್ಪ್ರಿಂಗ್ ಏರ್ ರೈಫಲ್ ಬಳಸುವವರಿಗೆ ಒಂದು ಮಾತು. ಅದು ಹಿಂದಕ್ಕೂ ಒದೆಯುತ್ತದೆ, ಪಿಸ್ಟನ್ ತುದಿಗೆ ಬಡಿದಾಗ ಮುಂದಕ್ಕೂ ಒದೆಯುತ್ತದೆ. ಕೆಲವು ಒಳ್ಳೆಯ ಸ್ಕೋಪ್‌ಗಳೇ ಅದರ ಮೇಲೆ ಕೆಟ್ಟು ಹೋಗುತ್ತವೆ. ಅಲ್ಲಿ ಕ್ಯೂಡಿ ಸಹವಾಸವೇ ಬೇಡ.

ಲಿವರ್ ಮುಚ್ಚಿದ ಮೇಲೆ ಬೀಗ ಇದ್ದರೆ ಅದು ಕಚ್ಚಿದೆಯಾ ನೋಡಿ. ಎರಡು ಲಿವರ್ ಇದ್ದರೆ ಯಾವುದು ಮೊದಲು ಅಂತ ಒಂದು ಕ್ರಮ ಇಟ್ಟುಕೊಳ್ಳಿ. ಸ್ಕೋಪ್ ಹಿಡಿದು ಹಿಂದೆ ಮುಂದೆ, ಪಕ್ಕಕ್ಕೆ ಒಮ್ಮೆ ಅಲ್ಲಾಡಿಸಿ. 'ಟಿಕ್' ಅಂತ ಸಣ್ಣ ಸದ್ದು ಬಂದರೂ ಬಿಚ್ಚಿ ಮತ್ತೆ ಮಾಡಿ.

ಝೀರೋ, ಮತ್ತು ಅದರ ಪರೀಕ್ಷೆ

ಮೊದಲು ಸ್ಕೋಪ್‌ನದ್ದು ಮುಗಿಸಿ, ಆಮೇಲೆ ರೆಡ್ ಡಾಟ್. ಪ್ರತಿಯೊಂದನ್ನೂ ಅದರದ್ದೇ ಟರೆಟ್‌ನಲ್ಲಿ ಝೀರೋ ಮಾಡಿ. 'ಇದಕ್ಕಿಂತ ಅದು ಆರು ಕ್ಲಿಕ್ ಮೇಲೆ' ಅಂತ ನೆನಪಿಟ್ಟುಕೊಳ್ಳುವ ಪದ್ಧತಿ ಬೇಡ. ಅಂಥ ನೆನಪು ಬೇಕಾದಾಗಲೇ ಕೈ ಕೊಡುತ್ತದೆ.

ಒಂದು ಸಲ ಝೀರೋ ಆಯಿತು ಅಂತ ಎದ್ದು ಬರಬೇಡಿ. ಮೌಂಟ್ ವಾಪಸ್ ಬರುತ್ತದಾ ಇಲ್ಲವಾ ಅಂತ ಗೊತ್ತಾಗಿಲ್ಲ ಇನ್ನೂ. 100 ಮೀಟರ್‌ಗೆ ಐದು ಗುಂಡು ಹೊಡೆಯಿರಿ. ರೈಫಲ್ ಖಾಲಿ ಮಾಡಿ, ಮೌಂಟ್ ತೆಗೆಯಿರಿ, ಮತ್ತೆ ಹಾಕಿ, ಹೊಸ ಹಾಳೆಗೆ ಐದು ಗುಂಡು. ಹೀಗೆ ನಾಲ್ಕು ಸಲ. ಪ್ರತಿ ಸಲ ನಳಿಗೆ ತಣ್ಣಗಾಗಲು ಒಂದೇ ಹೊತ್ತು ಕೊಡಿ, ಇಲ್ಲದಿದ್ದರೆ ನೀವು ಅಳೆಯುತ್ತಿರುವುದು ಮೌಂಟನ್ನಲ್ಲ, ಬಿಸಿಯನ್ನು. ಗುಂಡು ಒಂದೇ ಲಾಟ್‌ನದ್ದು, ಮರಳು ಚೀಲ ಅದೇ, ಪ್ಯಾರಲಾಕ್ಸ್ (ಕಣ್ಣು ಸರಿದರೆ ಗುರಿಯ ಗುರುತೂ ಸರಿದಂತೆ ಕಾಣುವುದು) ಸರಿಪಡಿಸುವ ಗುಬ್ಬಿ ಅದೇ ಜಾಗದಲ್ಲಿ.

ನಾಲ್ಕೂ ಹಾಳೆ ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿಯಿರಿ. ಒಂದೊಂದು ಗುಂಡಿನ ತೂತನ್ನು ನೋಡಬೇಡಿ, ಐದರ ನಡು ಎಲ್ಲಿ ಬರುತ್ತದೆ ಅಂತ ನೋಡಿ. 100 ಮೀಟರ್‌ಗೆ ಐದು ಗುಂಡನ್ನು 3 ಸೆಂಟಿಮೀಟರ್ ಒಳಗೆ ಇಡುವ ರೈಫಲ್‌ನಲ್ಲಿ, ಮೌಂಟ್ ಮುಟ್ಟದಿದ್ದರೂ ಈ ನಡು ಅರ್ಧ ಸೆಂಟಿಮೀಟರ್ ಆಚೀಚೆ ಆಗುವುದು ಸಹಜ. ಅದಕ್ಕೆ ಮೌಂಟನ್ನು ದೂರುವಂತಿಲ್ಲ. ನಾಲ್ಕೂ ನಡುಗಳು 1 ಸೆಂಟಿಮೀಟರ್ ಒಳಗಿದ್ದರೆ ಕಣ್ಣಿಗೆ ಒತ್ತಿಕೊಳ್ಳಬೇಕಾದ ಮೌಂಟ್. 2 ಸೆಂಟಿಮೀಟರ್ ಇದ್ದರೆ ಹೆಚ್ಚಿನ ಕೆಲಸಕ್ಕೆ ನಡೆಯುತ್ತದೆ, ಸಣ್ಣ ವೃತ್ತದ ಸ್ಪರ್ಧೆಗೆ ಕಷ್ಟ. ಅದಕ್ಕಿಂತ ಹೆಚ್ಚು ಚದುರಿದರೆ ಲಿವರ್, ರಿಂಗ್‌ನ ಗೆರೆ, ರೈಲ್‌ನ ಸ್ಕ್ರೂ, ಈ ಕ್ರಮದಲ್ಲಿ ಹುಡುಕಿ.

ಆಮೇಲೆ ಕೊನೆಯ ಝೀರೋವನ್ನು ಈ ನಾಲ್ಕರ ಸರಾಸರಿಗೆ ಇಡಿ. ಮೊದಲ ಸಲ ಕೂರಿಸಿದ್ದಕ್ಕೆ ಇಟ್ಟರೆ, ಅದು ಅಕಸ್ಮಾತ್ ಒಂದು ಮೂಲೆಯಲ್ಲಿ ಕೂತಿದ್ದರೆ, ಮುಂದಿನ ಎಲ್ಲ ಸಲವೂ ಒಂದೇ ಕಡೆ ತಪ್ಪುತ್ತದೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಯಾಕೋ.

ರೆಡ್ ಡಾಟ್‌ಗೆ ಇಷ್ಟು ಮಡಿ ಬೇಕಿಲ್ಲ. 2 ಎಂಒಎ ಚುಕ್ಕಿಯೇ 100 ಮೀಟರ್‌ನಲ್ಲಿ ಸುಮಾರು 6 ಸೆಂಟಿಮೀಟರ್ ಮುಚ್ಚಿಕೊಳ್ಳುತ್ತದೆ. 50 ಮೀಟರ್‌ನಲ್ಲಿ ಎರಡು ಸಲ ತೆಗೆದು ಹಾಕಿ ನೋಡಿದರೆ ಸಾಕು. ಝೀರೋ ಮಾಡುವಾಗ ಚುಕ್ಕಿಯನ್ನು ಗಾಜಿನ ನಡುವಲ್ಲೇ ಇಟ್ಟುಕೊಳ್ಳಿ, ಪ್ಯಾರಲಾಕ್ಸ್ ಇಲ್ಲವೇ ಇಲ್ಲ ಅನ್ನುವುದು ಪೂರ್ತಿ ನಿಜವಲ್ಲ.

ರೆಡ್ ಡಾಟ್‌ನ ಹಿಂದೆ ಇಡುವ ಮ್ಯಾಗ್ನಿಫೈಯರ್ ಮಾತ್ರ ಎಷ್ಟು ಸಲ ತೆಗೆದರೂ ಹಾಕಿದರೂ ಚಿಂತೆ ಇಲ್ಲ. ಗುರಿ ತೋರಿಸುವುದು ಮುಂದಿನ ಚುಕ್ಕಿ, ಹಿಂದಿನದು ಅದನ್ನು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಅಷ್ಟೆ. ಬೇಕಿದ್ದರೆ ಅಗ್ಗದ ಮೌಂಟ್ ಅಲ್ಲಿ ಹಾಕಿ.

ಮೈದಾನದಲ್ಲಿ ಬದಲಿಸುವಾಗ

ಸ್ಕೋಪ್ ತೆಗೆಯುವ ಮೊದಲು ಟರೆಟ್‌ಗಳನ್ನು ಝೀರೋಗೆ ತನ್ನಿ. 300 ಮೀಟರ್‌ಗೆ ಅಂತ ಏರಿಸಿದ್ದು ಹಾಗೇ ಉಳಿದು, ಮುಂದಿನ ವಾರ 100 ಮೀಟರ್‌ನಲ್ಲಿ ಗುಂಡು ಆಕಾಶಕ್ಕೆ ಹೋದಾಗ ಎಲ್ಲರೂ ಮೊದಲು ಮೌಂಟನ್ನೇ ಅನುಮಾನಿಸುತ್ತಾರೆ. ರೆಡ್ ಡಾಟ್ ಹಾಕುತ್ತಿದ್ದರೆ ಬ್ಯಾಟರಿ ಇದೆಯಾ, ಬೆಳಕಿನ ಮಟ್ಟ ಹೊರಗಿನ ಬಿಸಿಲಿಗೆ ಸಾಕಾ ನೋಡಿ.

ಎತ್ತರದ ವ್ಯತ್ಯಾಸವನ್ನೂ ಮರೆಯಬೇಡಿ. ನಳಿಗೆಯ ನಡುವಿನಿಂದ ಸ್ಕೋಪ್ 4 ಸೆಂಟಿಮೀಟರ್ ಮೇಲೆ, ರೆಡ್ ಡಾಟ್ 6.5 ಸೆಂಟಿಮೀಟರ್ ಮೇಲೆ ಇದೆ ಅನ್ನಿ. ಎರಡನ್ನೂ 50 ಮೀಟರ್‌ಗೆ ಝೀರೋ ಮಾಡಿದ್ದರೂ 10 ಮೀಟರ್‌ನಲ್ಲಿ ಸ್ಕೋಪ್‌ನ ಗುಂಡು ಸುಮಾರು 3 ಸೆಂಟಿಮೀಟರ್ ಕೆಳಗೆ, ರೆಡ್ ಡಾಟ್‌ನದ್ದು ಸುಮಾರು 5 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಕೆನ್ನೆ ಕೂರುವ ಜಾಗವೂ ಬದಲಾಗುತ್ತದೆ. ಸ್ಕೋಪ್‌ಗೆ ಕೆನ್ನೆ, ರೆಡ್ ಡಾಟ್‌ಗೆ ದವಡೆ. ಎತ್ತರಿಸುವ ಚೀಕ್ ಪೀಸ್ ಇದ್ದರೆ ಎರಡಕ್ಕೂ ಬೇರೆ ಬೇರೆ ಗುರುತು ಹಾಕಿಕೊಳ್ಳಿ.

ಬದಲಿಸಿದ ಮೇಲೆ ಲೆಕ್ಕಕ್ಕೆ ಬರುವ ಗುಂಡು ಹೊಡೆಯುವ ಮುನ್ನ ಒಂದೆರಡು ಪರೀಕ್ಷೆಯ ಗುಂಡು ಹೊಡೆಯಲು ಅವಕಾಶ ಇದ್ದರೆ ಬಿಡಬೇಡಿ. ತಪ್ಪಿದರೆ ಮೊದಲು ಟರೆಟ್ ಮುಟ್ಟಬೇಡಿ. ಮೌಂಟ್ ತೆಗೆದು, ಒರೆಸಿ, ಮುಂದೆ ತಳ್ಳಿ, ಮತ್ತೆ ಹಾಕಿ ನೋಡಿ. ಹತ್ತರಲ್ಲಿ ಒಂಬತ್ತು ಸಲ ಅಲ್ಲಿಗೇ ಸರಿಹೋಗುತ್ತದೆ ಅನ್ನುವುದು ನನ್ನ ಅನುಭವ.

ತೆಗೆದ ಸ್ಕೋಪನ್ನು ಸುಮ್ನೆ ಬ್ಯಾಗಿಗೆ ಎಸೆಯಬೇಡಿ. ಗಾಜಿನ ಮುಚ್ಚಳ ಹಾಕಿ, ಲಿವರ್ ಮುಚ್ಚಿ, ಮೌಂಟ್‌ನ ದವಡೆಗೆ ಒಂದು ಬಟ್ಟೆ ಸುತ್ತಿ ಇಡಿ. ಬ್ಯಾಗಿನ ತಳದಲ್ಲಿ ಬಿದ್ದಿರುವ ಮರಳು, ಹಿತ್ತಾಳೆ ಚೂರು ಹೋಗಿ ಸೇರಿಕೊಳ್ಳುವುದು ಆ ದವಡೆಯ ಸಂದಿಯಲ್ಲೇ.